ಲೇಡಿ ಸ್ಪ್ರಿಂಗ್ ನಿಂತ ವರ್ಷ

ಏಪ್ರಿಲ್ 9, ಮಂಗಳವಾರ

ನೋವು: ಹತ್ತಕ್ಕೆ ಎಂಟು.

ಈ ನೋಟ್‌ಬುಕ್ ನನ್ನದಲ್ಲ, ನನ್ನ ಬಲ ಮಂಡಿಯದು. ದಿನಾ ಎಷ್ಟು ನೋವಿದೆ ಅಂತ ಹತ್ತಕ್ಕೆ ಅಂಕ ಹಾಕಿ ಬರೆದಿಡಬೇಕಂತೆ. ಆಗಸ್ಟ್ ಕೊನೆಗೆ ಆ ಅಂಕಗಳನ್ನು ಡಾಕ್ಟರಿಗೆ ಓದಿ ಹೇಳಬೇಕಂತೆ. ಉಳಿದ ಜಾಗದಲ್ಲಿ ನಾನು ಏನು ಗೀಚಿಕೊಂಡರೂ ಕೇಳುವವರಿಲ್ಲ.

ಡಾಕ್ಟರು ಬೇರೆ ದ್ವೀಪದವರು, ಬಂದು ಆರು ತಿಂಗಳಾಗಿದೆ ಅಷ್ಟೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮಿಸ್ ಓರ್ಲೀನ್, ಏನು ಕೆಲಸ ನಿಮ್ದು?" ಅಂತ ಕೇಳಿದರು. ಗ್ರೆನಡಾದಲ್ಲಿ ಆರು ತಿಂಗಳಿದ್ದೂ ನಾನು ಯಾರೆಂದು ಗೊತ್ತಿಲ್ಲವಲ್ಲ ಎಂದು ಮಂಡಿಗಿಂತ ಅದೇ ಹೆಚ್ಚು ನೋಯಿತು.

"ಜಿಗಿಯೋದು" ಅಂದೆ.

"ಅಂದ್ರೆ?"

"ಸೋಕಾ ಹಾಡ್ತೀನಿ. ಹಾಡು ಬರೆಯೋದೂ ನಾನೇ. ಆದ್ರೆ ಜನ ಟಿಕೆಟ್ ತಗೊಳ್ಳೋದು ಜಿಗಿತ ನೋಡೋಕೆ."

ನಿಜವೇ ಹೇಳಿದ್ದು. ಇಪ್ಪತ್ತೆರಡು ವರ್ಷದಿಂದ ನಾನು ಲೇಡಿ ಸ್ಪ್ರಿಂಗ್. ಸೋಕಾ ಎಂದರೆ ನಮ್ಮ ಕಾರ್ನಿವಲ್ ಹಬ್ಬದ ಕುಣಿತದ ಹಾಡು, ಹಾಡು ಎನ್ನುವುದಕ್ಕಿಂತ ಅಪ್ಪಣೆ. ಕೈ ಎತ್ತಿ ಎಂದರೆ ನಾಲ್ಕು ಸಾವಿರ ಜನ ಕೈ ಎತ್ತುತ್ತಾರೆ, ಕರವಸ್ತ್ರ ಬೀಸಿ ಎಂದರೆ ಬೀಸುತ್ತಾರೆ. ಆದರೆ ಜಿಗಿಯಿರಿ ಎನ್ನುವವಳು ಮೊದಲು ತಾನು ಜಿಗಿಯಬೇಕು. ನಾನು ಸ್ಪೀಕರ್ ಡಬ್ಬದ ಮೇಲಿಂದ ಜಿಗಿದಿದ್ದೇನೆ, ಲಾರಿ ಮೇಲಿಂದ ಜಿಗಿದಿದ್ದೇನೆ, ಒಮ್ಮೆ ಒಬ್ಬ ಮಂತ್ರಿಯ ಊಟದ ಮೇಜಿನ ಮೇಲಿಂದಲೂ ಜಿಗಿದಿದ್ದೇನೆ. ಹನ್ನೊಂದು ವರ್ಷದ ಹಿಂದೆ ರೋಡ್ ಮಾರ್ಚ್ ಪಟ್ಟ ನನ್ನದಾಗಿತ್ತು. ಕಾರ್ನಿವಲ್‌ನ ಎರಡು ದಿನ ಬೀದಿಯಲ್ಲಿ ಅತಿ ಹೆಚ್ಚು ಲಾರಿಗಳು ಹಾಕಿದ ಹಾಡಿಗೆ ಕೊಡುವ ಪಟ್ಟ ಅದು. ಆಮೇಲೆ ಮೂರನೆಯ ಸ್ಥಾನ, ಆರನೆಯ ಸ್ಥಾನ, ಹೋದ ವರ್ಷ ಹದಿನಾಲ್ಕು. ಅದಕ್ಕೂ ಮಂಡಿಗೂ ಏನೂ ಸಂಬಂಧವಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

"ಇನ್ನು ಜಿಗಿಯೋ ಹಾಗಿಲ್ಲ" ಅಂದರು.

"ಎಷ್ಟು ದಿನ?"

"ದಿನದ ಮಾತಲ್ಲ, ಮಿಸ್ ಓರ್ಲೀನ್."

ಮನೆಗೆ ಬಂದು ತಾಂಟಿ ಯೂಡೋರಾಗೆ ಹೇಳಿದೆ. ತಾಂಟಿ ಅಮ್ಮನ ಅಕ್ಕ, ನನ್ನನ್ನು ಸಾಕಿದವಳು. ನಮ್ಮ ಗ್ವಾವ್ ಊರಿನ ಬೀದಿಯಲ್ಲಿ ಮೂವತ್ತು ವರ್ಷದಿಂದ ಪ್ರತಿ ಶುಕ್ರವಾರ ಮೀನು ಕರಿದು ಮಾರುತ್ತಾಳೆ. ನನ್ನ ಒಂದು ಹಾಡಿಗೂ ಅವಳು ಇವತ್ತಿನವರೆಗೆ ಕಾಲ್ಬೆರಳು ಅಲ್ಲಾಡಿಸಿದವಳಲ್ಲ.

"ದೇವರು ಮಂಡಿ ಕೊಟ್ಟಿದ್ದು ಊರಿ ಪ್ರಾರ್ಥನೆ ಮಾಡೋಕೆ, ಡಬ್ಬದ ಮೇಲಿಂದ ಹಾರೋಕಲ್ಲ" ಅಂದಳು. "ನಲವತ್ತೇಳಾಯ್ತು ನಿಂಗೆ. ಶುಕ್ರವಾರದಿಂದ ಬಾ, ಬಾಣಲೆ ಹಿಡಿ."

ಸರಿ, ಹಾಡು ಬಿಟ್ಟೆ. ಬೆಳ್ಳಿ ಮಿಣುಕಿನ ಬೂಟನ್ನು ಮಂಚದ ಕೆಳಗೆ ತಳ್ಳಿದೆ. ಮುಗಿಯಿತು.

ಏಪ್ರಿಲ್ 10, ಬುಧವಾರ

ನೋವು: ಎಂಟು.

ಬೂಟು ಮಂಚದ ಕೆಳಗೇ ಇದೆ. ಸುಮ್ಮನೆ ನೋಡಿದೆ, ಅಷ್ಟೆ.

ಏಪ್ರಿಲ್ 26, ಶುಕ್ರವಾರ

ನೋವು: ಏಳು. ಜೊತೆಗೆ ಎಣ್ಣೆ ಸಿಡಿದು ಮುಂಗೈ ಸುಟ್ಟಿದೆ, ಅದಕ್ಕೆ ಬೇರೆ ಎರಡು.

ಬಾಣಲೆ ಕೆಲಸದಲ್ಲಿ ಮೂರನೆಯ ಶುಕ್ರವಾರ. ಎದುರಿನ ರಮ್ ಅಂಗಡಿಯವನು ಇದ್ದಕ್ಕಿದ್ದ ಹಾಗೆ ನನ್ನ ಹಳೆಯ ಹಾಡು ಹಾಕಿದ, ಹನ್ನೊಂದು ವರ್ಷದ ಹಿಂದಿನದು. ಬೀದಿಯವರೆಲ್ಲ ತಿರುಗಿ ನನ್ನನ್ನು ನೋಡಿದರು. "ಸ್ಪ್ರಿಂಗ್, ಸ್ಪ್ರಿಂಗ್" ಎಂದು ಶುರು ಮಾಡಿದರು. ನನ್ನ ಎರಡು ಕೈಯಲ್ಲೂ ಮೀನಿನ ತಟ್ಟೆ. ಪಲ್ಲವಿ ಹತ್ತಿರ ಬಂತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಪಲ್ಲವಿಗೆ ನಾನು ಕಂಬದ ಹಾಗೆ ನಿಂತೆ.

ಆದರೆ ಡಾಕ್ಟರು ಮಂಡಿಗೆ ಹೇಳಿದ್ದರೇ ಹೊರತು ಭುಜಕ್ಕೆ ಹೇಳಿರಲಿಲ್ಲ. ಬಲ ಭುಜ ತಾನಾಗಿ ಮೇಲೆ ಹೋಯಿತು, ಆಮೇಲೆ ಎಡದ್ದು, ಆಮೇಲೆ ಹುಬ್ಬು. ತಟ್ಟೆಯಲ್ಲಿದ್ದ ಮೀನು ಒಂದೂ ಅಲ್ಲಾಡಲಿಲ್ಲ. ಕೋಲೂರಿಕೊಂಡು ಸಾಲಿನಲ್ಲಿದ್ದ ಮುದುಕಿಯೊಬ್ಬಳು, ಚರ್ಚಿನಲ್ಲಿ ನಮ್ಮ ಹಿಂದೆ ಕೂರುವವಳು, ನನ್ನನ್ನೇ ನೋಡಿ ತಾನೂ ಭುಜ ಎತ್ತಿದಳು. ಬೆಂಚಿನ ಮೇಲಿದ್ದ ಮುದುಕರೂ ಶುರು ಮಾಡಿದರು. ಜಿಗಿಯುತ್ತಿದ್ದ ಹುಡುಗರು ನಿಂತು ಇವರನ್ನೇ ನೋಡತೊಡಗಿದರು, ಕೊನೆಗೆ ಜಿಗಿಯುವುದನ್ನು ಬಿಟ್ಟು ಇವರ ಹಾಗೇ ಮಾಡಿದರು.

ತಾಂಟಿ ಮಾತ್ರ ಮೀನು ತಿರುವಿ ಹಾಕುತ್ತಲೇ ಇದ್ದಳು. "ತಟ್ಟೆ ಆರ್ತಾ ಇದೆ" ಅಂದಳು.

ಮೀನು ಕಟ್ಟುವ ಕಾಗದದ ಮೇಲೆ ಬರೆದುಕೊಂಡದ್ದನ್ನು ಇಲ್ಲಿ ಇಳಿಸಿಡುತ್ತೇನೆ. ಹಾಡು ಬಿಟ್ಟಿದ್ದೇನೆ ನಿಜ, ಆದರೆ ಕಾಗದ ಹಾಳಾಗಬಾರದು.

*ಯಾರೂ ಜಿಗೀಬೇಡಿ, ಯಾರೂ ಓಡಬೇಡಿ,*
*ಇದ್ದಲ್ಲೇ ನಿಲ್ಲಿ, ಉಸಿರು ಹಿಡೀರಿ,*
*ಪಾದ ನೆಲಕ್ಕೆ, ಕಣ್ಣು ನನ್ನ ಮೇಲೆ,*
*ಈಗ ಬರೀ ಭುಜ, ಬರೀ ಭುಜ.*

ಏಪ್ರಿಲ್ 27, ಶನಿವಾರ

ನೋವು: ಏಳು.

ವಿಂಬರ್ಟನ ಹತ್ತಿರ ಹೋದೆ. ಬರೀ ತೋರಿಸುವುದಕ್ಕೆ. ವಿಂಬರ್ಟ್ ಗ್ವಾವ್‌ನಿಂದ ರಾಜಧಾನಿ ಸೇಂಟ್ ಜಾರ್ಜಸ್‌ಗೆ ಮಿನಿಬಸ್ ಓಡಿಸುತ್ತಾನೆ. ನನ್ನ ಎಲ್ಲ ಹಾಡಿಗೂ ಸಂಗೀತ ಕೂಡಿಸಿದವನು ಅವನೇ. ಸ್ಟುಡಿಯೋ ಅವನ ಹೆಂಡತಿಯ ಹೊಲಿಗೆ ಕೋಣೆ. ಹಾಡು ಚೆನ್ನಾಗಿದೆಯೋ ಇಲ್ಲವೋ ಅವನು ತೀರ್ಮಾನಿಸುವುದು ಮಾತ್ರ ಬಸ್ಸಿನಲ್ಲಿ, ಪ್ರಯಾಣಿಕರ ಕುತ್ತಿಗೆ ನೋಡಿ.

"ನಿಲ್ಲಿ ಅಂತ ಸೋಕಾದಲ್ಲಿ ಯಾರಾದ್ರೂ ಹೇಳ್ತಾರೇನೇ?" ಅಂದ. "ಇದು ಪೊಲೀಸಿನವರ ಹಾಡು."

"ನೀನು ತಾಳ ಹಾಕು ಮೊದ್ಲು."

"ಎಷ್ಟು ಹೊತ್ತು ನಿಲ್ಲಿಸ್ತೀಯ ಜನಾನ? ನಾಲ್ಕು ತಾಳ ಸಾಕಾ?"

"ಎಂಟು."

"ಎಂಟು ತಾಳ ಸದ್ದಿಲ್ಲದೆ ಬಿಟ್ರೆ ಜನ ಕರೆಂಟ್ ಹೋಯ್ತು ಅಂದ್ಕೊಂಡು ಮನೆಗೆ ಹೋಗ್ತಾರೆ ಕಣೇ."

"ನಾಲ್ಕಕ್ಕೆ ನನ್ನ ಮಂಡಿ ಸುಧಾರಿಸ್ಕೊಳ್ಳಲ್ಲ ಕಣೋ. ಎಂಟು ಅಂದ್ರೆ ಎಂಟು. ಆಮೇಲೆ ಹದಿನಾರು ತಾಳ ಬರೀ ಡ್ರಮ್, ಬರೀ ಭುಜ."

ಗೊಣಗಿಕೊಂಡೇ ಮಾಡಿದ. ಮಾಡುವಾಗ ಅವನ ಭುಜ ಅಲ್ಲಾಡುತ್ತಿತ್ತು. ನಾನು ನೋಡಿದೆ, ಹೇಳಲಿಲ್ಲ.

ಮೇ 15, ಬುಧವಾರ

ನೋವು: ಆರು.

ಇವತ್ತು ದನಿ ಮುದ್ರಿಸಿದೆವು. ಹೊಲಿಗೆ ಮೆಷಿನ್ನಿನ ಪಕ್ಕ ಸ್ಟೂಲಿನ ಮೇಲೆ ಕೂತು ಹಾಡಿದೆ. ಮೊದಲೆಲ್ಲ ಇಲ್ಲೂ ಜಿಗಿಯುತ್ತಿದ್ದೆ, ಎರಡು ಜಿಗಿತದ ನಡುವೆ ಸಿಕ್ಕ ಉಸಿರಲ್ಲಿ ಅರಚುತ್ತಿದ್ದೆ. ಕೂತರೆ ಉಸಿರು ಎಷ್ಟು ಬೇಕೋ ಅಷ್ಟಿದೆ. ಅರಚುವುದಕ್ಕೆ ಮನಸ್ಸೇ ಬರಲಿಲ್ಲ. "ಇದ್ದಲ್ಲೇ ನಿಲ್ಲಿ" ಎನ್ನುವ ಸಾಲು ಕೆಳಗಿಳಿದು ಇಳಿದು ನನಗೇ ಗೊತ್ತಿಲ್ಲದ ಜಾಗಕ್ಕೆ ಹೋಯಿತು.

ವಿಂಬರ್ಟ್ ಕಿವಿಯಿಂದ ಹೆಡ್‌ಫೋನ್ ತೆಗೆದ. "ಇಷ್ಟು ಕೆಳಗಿನ ಸ್ವರ ನಿನ್ನ ಹತ್ರ ಯಾವಾಗಿಂದ ಇದೆ?"

"ಮೊದ್ಲಿಂದಾನೂ ಇತ್ತೇನೋ. ನಾನೇ ಯಾವಾಗ್ಲೂ ಮೇಲೆ ಇರ್ತಿದ್ನಲ್ಲ."

ಬಾಗಿಲ ಹತ್ತಿರ ಅವನ ಹೆಂಡತಿ ಅರ್ಧ ಕತ್ತರಿಸಿದ ಬಟ್ಟೆ ಹಿಡಿದು ಅಲ್ಲಾಡದೆ ನಿಂತಿದ್ದಳು.

ಜೂನ್ 12, ಬುಧವಾರ

ನೋವು: ಐದೋ ಆರೋ. ಆಮೇಲೆ ಬರೆಯುತ್ತೇನೆ, ಮೊದಲು ಇದನ್ನು ಹೇಳಬೇಕು.

ಬಸ್ ಪರೀಕ್ಷೆ. ಬೆಳಗಿನ ಏಳೂವರೆಯ ಬಸ್ಸು, ಹದಿನೆಂಟು ಸೀಟಿಗೆ ಇಪ್ಪತ್ತೆರಡು ಜನ. ನಾನು ಟೋಪಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಅಡಗಿ ಕೂತಿದ್ದೆ. ವಿಂಬರ್ಟ್ ಎರಡು ಬೇರೆ ಹಾಡು ಹಾಕಿ ಮೂರನೆಯದಾಗಿ ನನ್ನದು ಹಾಕಿದ. ಮೊದಲ ಸಲ ಕುತ್ತಿಗೆಗಳು ಅಲ್ಲಾಡಿದವು. ಎರಡನೆಯ ಸಲ ಭುಜ. ಮೂರನೆಯ ಸಲ ಹಾಡು ಬರುವ ಹೊತ್ತಿಗೆ ಕೆಲವರು ಇಳಿಯುವ ನಿಲ್ದಾಣ ಬಂದಿತ್ತು. ಒಬ್ಬ ಹೆಂಗಸು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟಿದ್ದಳು. "ಇದ್ದಲ್ಲೇ ನಿಲ್ಲಿ" ಎಂದಿತು ನನ್ನ ದನಿ. ಅವಳು ನಿಂತಳು. ಬಾಗಿಲು ಹಿಡಿದಿದ್ದ ಕಂಡಕ್ಟರ್ ನಿಂತ. ಬಸ್ಸು ಹತ್ತಲು ಬಂದವರು ರಸ್ತೆಯಲ್ಲೇ ನಿಂತರು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು, ಕೊನೆಗೆ ಹಾರ್ನನ್ನೇ ನಮ್ಮ ತಾಳಕ್ಕೆ ಸರಿಯಾಗಿ ಹೊಡೆಯತೊಡಗಿದ.

ಹಾಡು ಮುಗಿಯುವವರೆಗೆ ಬಸ್ಸೇ ಹೊರಡಲಿಲ್ಲ. ಸೇಂಟ್ ಜಾರ್ಜಸ್ ತಲುಪಿದ್ದು ಇಪ್ಪತ್ತು ನಿಮಿಷ ತಡವಾಗಿ. ಒಬ್ಬರಾದರೂ ಬೈದಿದ್ದರೆ ಕೇಳಿ.

"ಬಸ್ಸನ್ನೇ ನಿಲ್ಲಿಸಿದ ಹಾಡು ಕಣೇ ಇದು" ಅಂದ ವಿಂಬರ್ಟ್.

"ಬೀದಿಯಲ್ಲಿ ಏನಾಗುತ್ತೆ ಯೋಚ್ನೆ ಮಾಡು" ಅಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಜೂನ್ 20, ಗುರುವಾರ

ನೋವು: ಕ್ಯಾಪ್ಟನ್ ಜೋಲ್ಟ್.

ಆರು ವರ್ಷದ ಹಿಂದೆ ನನ್ನ ಬೆನ್ನ ಹಿಂದೆ ಕುಣಿಯುತ್ತಿದ್ದವನು ಈಗ ಕಪ್ಪು ಕನ್ನಡಕ, ಬಿಳಿ ಶೂ, ಎರಡು ವರ್ಷದಿಂದ ಸತತ ರೋಡ್ ಮಾರ್ಚ್. ಒಂದು ಬುಟ್ಟಿ ಮಾವಿನಹಣ್ಣು ಹಿಡಿದುಕೊಂಡು ಬಂದ. ಈ ವರ್ಷದ ಅವನ ಹಾಡು "ಮುಂದೆ ಮುಂದೆ" ಎಂದು ಓಡುತ್ತದೆ, ಕೇಳಿದ್ದೇನೆ, ಕೆಟ್ಟದಾಗೇನೂ ಇಲ್ಲ.

"ಮಿಸ್ ಓರ್ಲೀನ್, ಆ ನಿಲ್ಲೋ ಹಾಡು ನಂಗೆ ಕೊಟ್ಬಿಡಿ. ನಿಮ್ಮ ಹೆಸರೇ ಹಾಕಿಸ್ತೀನಿ, ಬರೆದವರು ಅಂತ. ನಿಂತ ಮೇಲೆ ಕೊನೇಲಿ ಒಂದು ದೊಡ್ಡ ಜಿಗಿತ ಬೇಕಲ್ಲ, ಅದನ್ನ ನಾನು ಜಿಗೀತೀನಿ."

"ಕೊನೇಲಿ ಜಿಗಿತ ಇಲ್ಲ."

"ಜಿಗಿತ ಇಲ್ದಿದ್ರೆ ಲೇಡಿ ಸ್ಪ್ರಿಂಗ್ ಹಾಡು ಅಂತ ಯಾರು ನಂಬ್ತಾರೆ?"

ಮಾವಿನಹಣ್ಣು ಇಟ್ಟುಕೊಂಡು ಹುಡುಗನನ್ನು ಕಳಿಸಿದೆ. ಹಾಡು ಬಿಟ್ಟವಳು ಹಾಡನ್ನು ಕೊಟ್ಟುಬಿಡಬಹುದಿತ್ತು. ಯಾಕೆ ಕೊಡಲಿಲ್ಲವೋ ಗೊತ್ತಿಲ್ಲ. ಅವನ ಕನ್ನಡಕ ನೋಡಿ ರೇಗಿತು, ಅದಕ್ಕೇ ಇರಬೇಕು.

ಜೂನ್ 21, ಶುಕ್ರವಾರ

ಹಣ್ಣು ಸಿಹಿಯಾಗಿದೆ. ಆದರೂ ಕೊಡುವುದಿಲ್ಲ.

ಜುಲೈ 6, ಶನಿವಾರ

ರೇಡಿಯೋದಲ್ಲಿ ಒಂದೇ ದಿನ ಹನ್ನೊಂದು ಸಲ. ಚರ್ಚಿನ ಹಿಂದಿನ ಸಾಲಿನ ಮುದುಕಿ ಬೀದಿಯಲ್ಲಿ ನಿಲ್ಲಿಸಿ, "ಇಪ್ಪತ್ತು ವರ್ಷ ಆದ್ಮೇಲೆ ಕಾರ್ನಿವಲ್‌ಗೆ ವೇಷ ಹಾಕ್ತಿದ್ದೀನಿ ಮಗಳೇ, ನೀನು ಜಿಗಿಸಲ್ಲ ಅಂದ್ಯಲ್ಲ" ಅಂದಳು. ಅವಳ ಹಾಗೆ ಇನ್ನೂ ಹದಿನೇಳು ಜನ ಹೆಸರು ಬರೆಸಿದ್ದಾರಂತೆ. ವಿಂಬರ್ಟನ ಹೆಂಡತಿ ಅವರಿಗೆಲ್ಲ ನೀಲಿ ಗರಿಯ ವೇಷ ಹೊಲಿಯುತ್ತಿದ್ದಾಳೆ.

ಈ ಕುಣಿದಾಟದಲ್ಲಿ ನಿನ್ನೆ ಬಾಣಲೆಗೆ ಹೋಗುವುದನ್ನೇ ಮರೆತೆ. ತಾಂಟಿ ಮೇಜಿನ ಎದುರು ಕೂರಿಸಿಕೊಂಡಳು.

"ನಂಗೆ ಎಪ್ಪತ್ತೆರಡು. ಈ ಕೈ ಇನ್ನೆಷ್ಟು ದಿನ ಬಾಣಲೆ ಎತ್ತುತ್ತೆ? ನೀನು ಒಂದು ಕಡೆ ನಿಂತ್ರೆ ನಾನು ನೆಮ್ಮದಿಯಾಗಿ ಸಾಯ್ತೀನಿ. ಊರುಗೋಲು ಹಿಡ್ಕೊಂಡು ಸ್ಟೇಜ್ ಹತ್ತೋದನ್ನ ನೋಡೋಕೆ ನನ್ ಕೈಲಾಗಲ್ಲ ಕಣೇ."

ಅವಳ ಕಣ್ಣಲ್ಲಿ ನೀರಿತ್ತು. ಅದಕ್ಕೇ ಬೈಬಲ್ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಈ ಸಲ ರೋಡ್ ಮಾರ್ಚ್ ಬಂದರೆ ಲೇಡಿ ಸ್ಪ್ರಿಂಗ್ ಉಳಿಯುತ್ತಾಳೆ. ಬರದಿದ್ದರೆ ಕಾರ್ನಿವಲ್ ಮುಗಿದ ಶುಕ್ರವಾರ ಬಾಣಲೆ ಕೆಲಸಕ್ಕೆ ಬರುತ್ತೇನೆ.

"ಬರ್ತೀಯ?"

"ಬರ್ತೀನಿ, ದೇವರಾಣೆ."

ಆಣೆ ಮಾಡಿ ಕೋಣೆಗೆ ಬಂದು ನಗುತ್ತಿದ್ದೇನೆ. ಪಾಪ ತಾಂಟಿ. ರೋಡ್ ಮಾರ್ಚ್ ನನ್ನದಲ್ಲದೆ ಇನ್ನಾರದು?

ಜುಲೈ 27, ಶನಿವಾರ

ಮೈದಾನದಲ್ಲಿ ಕಾರ್ಯಕ್ರಮ. ಬೂಟನ್ನು ಮಂಚದ ಕೆಳಗಿಂದ ತೆಗೆದು ಧೂಳೊರೆಸಿ ಹಾಕಿಕೊಂಡೆ. ಹತ್ತು ಹಾಡುಗಾರರು ನನಗಿಂತ ಮುಂಚೆ ಜಿಗಿದು ಹೋಗಿದ್ದರು. ವೇದಿಕೆಯ ಹಲಗೆ ಇನ್ನೂ ನಡುಗುತ್ತಿತ್ತು. ನಾನು ನಡೆದುಕೊಂಡು ಹೋಗಿ ನಡುವೆ ನಿಂತೆ.

"ಇದ್ದಲ್ಲೇ ನಿಲ್ಲಿ."

ನಾಲ್ಕು ಸಾವಿರ ಜನ ನಿಂತರು. ಎಂಟು ತಾಳ. ಬಿಯರ್ ಡಬ್ಬಿ ಬಾಯಿಯ ಹತ್ತಿರ, ಕರವಸ್ತ್ರ ಗಾಳಿಯಲ್ಲಿ, ಒಬ್ಬನ ಹೆಗಲ ಮೇಲೆ ಒಬ್ಬಳು, ಎಲ್ಲ ಹಾಗೇ. ಇಪ್ಪತ್ತೆರಡು ವರ್ಷದಲ್ಲಿ ನಾನು ಜನರ ಮುಖ ನೋಡಿಯೇ ಇರಲಿಲ್ಲ ಎಂದು ಆಗ ಗೊತ್ತಾಯಿತು. ಮೇಲೆ ಕೆಳಗೆ ಹಾರುತ್ತಿದ್ದರೆ ಮುಖ ಕಾಣುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ಮೊದಲ ಸಾಲಿನಲ್ಲಿ ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿ, ಪಕ್ಕದಲ್ಲಿ ನಗು ತಡೆಯಲಾಗದೆ ಕೆನ್ನೆ ಉಬ್ಬಿಸಿಕೊಂಡ ದಪ್ಪ ಮನುಷ್ಯ. ಅವರನ್ನೆಲ್ಲ ನೋಡಿ ಎಷ್ಟು ಖುಷಿಯಾಯಿತೆಂದರೆ ಎಂಟು ತಾಳದ ಬದಲು ಹನ್ನೆರಡು ನಿಲ್ಲಿಸಿದೆ. ವಿಂಬರ್ಟ್ ಹಿಂದೆ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದ.

ಆಮೇಲೆ ಭುಜ. ದೇವರೇ, ಆ ಭುಜಗಳು.

ಹಾಡು ಮುಗಿದರೂ ಬಿಡಲಿಲ್ಲ, ಇನ್ನೊಮ್ಮೆ ಅಂದರು. ಐದು ಸಲ ಹಾಡಿದೆ. ಕೆಳಗಿಳಿಯುವಾಗ ಕ್ಯಾಪ್ಟನ್ ಜೋಲ್ಟ್ ಕನ್ನಡಕ ತೆಗೆದು, "ಇದಾದ್ಮೇಲೆ ನಾನು ಹೋಗಿ ಏನ್ ಮಾಡ್ಲಿ?" ಅಂದ.

"ಜಿಗಿ ಮಗನೇ" ಅಂದೆ.

ಆಗಸ್ಟ್ 9, ಶುಕ್ರವಾರ

ಎಲ್ಲ ಸಿದ್ಧ. ಸೇಂಟ್ ಜಾರ್ಜಸ್‌ನ ಮಾರುಕಟ್ಟೆ ಚೌಕದಲ್ಲಿ ತೀರ್ಪುಗಾರರ ಚಪ್ಪರ, ಅದರ ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಬಿಳಿ ಗೆರೆ. ವೇಷದ ತಂಡಗಳು ತಮ್ಮ ಸಂಗೀತದ ಲಾರಿಯ ಜೊತೆ ಬರುತ್ತವೆ. ಲಾರಿಯ ಮುಂದಿನ ಚಕ್ರ ಗೆರೆ ದಾಟುವಾಗ ಯಾವ ಹಾಡು ಮೊಳಗುತ್ತಿರುತ್ತದೋ ಆ ಹಾಡಿಗೆ ಒಂದು ಗೀಟು. ತಂಡಗಳು ಎರಡು ದಿನವೂ ಸುತ್ತು ಹಾಕಿ ಹಾಕಿ ಬರುತ್ತವೆ. ಗೀಟು ಹೆಚ್ಚಿದ್ದವರಿಗೆ ಪಟ್ಟ. ಅಷ್ಟು ಸರಳ.

ವಿಂಬರ್ಟ್ ಲಾರಿಯವರನ್ನೆಲ್ಲ ಮಾತಾಡಿಸಿ ಬಂದಿದ್ದಾನೆ. ಎಲ್ಲರೂ ಗೆರೆಯ ಹತ್ತಿರ ನನ್ನ ಹಾಡನ್ನೇ ಹಾಕುತ್ತಾರಂತೆ. ಚಪ್ಪರದ ಎದುರಿಗೇ "ಇದ್ದಲ್ಲೇ ನಿಲ್ಲಿ" ಬರುವ ಹಾಗೆ ಸಮಯ ನೋಡಿ ಶುರು ಮಾಡುತ್ತಾರಂತೆ. ತೀರ್ಪುಗಾರರಿಗೆ ಒಳ್ಳೆಯ ಭಾಗ ಕಾಣಬೇಕಲ್ಲ.

ತಾಂಟಿಗೆ ಹೇಳಿದೆ. "ಅಂದ್ರೆ ಎಲ್ಲರೂ ಅಲ್ಲಿ ಬಂದು ನಿಲ್ತಾರೆ" ಅಂದಳು.

"ಹೂಂ ತಾಂಟಿ."

"ನಿಂತ್ರೆ ಮುಂದೆ ಹೋಗೋದು ಹ್ಯಾಗೆ?"

ತಾಂಟಿಗೆ ಸೋಕಾ ಅರ್ಥವಾಗುವುದಿಲ್ಲ.

ಆಗಸ್ಟ್ 12, ಕಾರ್ನಿವಲ್ ಸೋಮವಾರ

ಬೆಳಕು ಹರಿಯುವ ಮುಂಚೆ ಜಾಬ್‌ಗಳ, ಅಂದರೆ ದೆವ್ವದ ವೇಷದವರ ಮೆರವಣಿಗೆ. ಮೈತುಂಬ ಕರಿ ಎಣ್ಣೆ, ತಲೆಗೆ ಕೊಂಬು, ಕೈಯಲ್ಲಿ ಎಳೆದಾಡುವ ಸರಪಳಿ. ಆ ದೆವ್ವಗಳ ಗದ್ದಲ ಬಂದರಿನ ಉದ್ದಕ್ಕೂ. ಯಾವುದೋ ಲಾರಿ ನನ್ನ ಹಾಡು ಹಾಕಿತು. ಸಾವಿರ ದೆವ್ವ ಒಟ್ಟಿಗೇ ನಿಂತವು. ಸರಪಳಿ ಸದ್ದೂ ನಿಂತಿತು. ಎಂಟು ತಾಳ ದೋಣಿಗಳಿಗೆ ನೀರು ಬಡಿಯುವುದು ಕೇಳಿಸಿತು. ಆಮೇಲೆ ಸಾವಿರ ಕರಿ ಭುಜ. ನಾನು ಪಾದಚಾರಿ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ, ಖುಷಿಗೆ. ಒಬ್ಬ ದೆವ್ವ ಬಂದು ಕಣ್ಣೊರೆಸಿ ನನ್ನ ಮುಖಕ್ಕೆಲ್ಲ ಎಣ್ಣೆ ಬಳಿದ.

ಮಧ್ಯಾಹ್ನ ಚಪ್ಪರದ ಹತ್ತಿರ ಹೋದೆ. ಸ್ವಲ್ಪ ಗಡಿಬಿಡಿ ಇದ್ದ ಹಾಗಿದೆ, ತಂಡಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಜನ ತುಂಬಿದ್ದರಿಂದ ಗೆರೆ ಸರಿಯಾಗಿ ಕಾಣಲಿಲ್ಲ. ಆದರೆ ಹಾಡು ಮಾತ್ರ ಊರಿಡೀ ನನ್ನದೇ. ಪಟ್ಟ ಬಂದ ಹಾಗೇ.

ಆಗಸ್ಟ್ 13, ಕಾರ್ನಿವಲ್ ಮಂಗಳವಾರ

ಏನಂತ ಬರೆಯಲಿ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿ ಬಂದಿದ್ದೇನೆ.

ಇವತ್ತು ಬೆಳಗ್ಗೆ ಸರಿಯಾಗಿ ಗೆರೆಯ ಪಕ್ಕದಲ್ಲೇ ಜಾಗ ಹಿಡಿದೆ. ಮೊದಲ ತಂಡ ಬಂತು, ನನ್ನ ಹಾಡೇ ಹಾಕಿಕೊಂಡು. ಗೆರೆ ಹತ್ತು ಹೆಜ್ಜೆ, ಐದು ಹೆಜ್ಜೆ. "ಇದ್ದಲ್ಲೇ ನಿಲ್ಲಿ" ಎಂದಿತು ನನ್ನ ದನಿ. ಇನ್ನೂರು ಜನ ಲಾರಿಯ ಮುಂದೆ ನಿಂತರು. ಲಾರಿ ಅವರ ಮೇಲೆ ಹತ್ತಿಸಲು ಆಗುತ್ತದೆಯೇ? ಅದೂ ನಿಂತಿತು. ಆಮೇಲೆ ಬರೀ ಭುಜ. ಭುಜದಲ್ಲಿ ಯಾರೂ ನಡೆಯುವುದಿಲ್ಲ. ನನ್ನ ಹಾಡಿನಲ್ಲಿ ಮೊದಲಿಂದ ಕೊನೆಯವರೆಗೆ ಹೆಜ್ಜೆ ಇಡಿ ಎಂದು ಎಲ್ಲೂ ಇಲ್ಲವೇ ಇಲ್ಲ. ಹಾಡು ಮುಗಿಯಿತು. ಹಿಂದೆ ನಾಲ್ಕು ತಂಡ ಕೂಗಾಡುತ್ತಿದ್ದವು.

ಒಬ್ಬ ಪೊಲೀಸು ಬೆವರೊರೆಸಿಕೊಂಡು ಲಾರಿ ಹತ್ತಿದ. "ಜನ ಮುಂದೆ ಹೋಗೋ ಹಾಡು ಹಾಕಪ್ಪ ಪುಣ್ಯಾತ್ಮ."

ಕ್ಯಾಪ್ಟನ್ ಜೋಲ್ಟ್‌ನ "ಮುಂದೆ ಮುಂದೆ" ಬಂತು. ಜನ ಜಿಗಿದುಕೊಂಡು ಮುಂದೆ ಹೋದರು. ಲಾರಿಯ ಚಕ್ರ ಗೆರೆ ದಾಟಿತು. ಚಪ್ಪರದಲ್ಲಿ ಪೆನ್ಸಿಲ್ ಆಡಿತು.

ಎರಡನೆಯ ತಂಡವೂ ಹಾಗೇ. ಮೂರನೆಯದೂ ಹಾಗೇ. ನಿನ್ನೆ ಪೂರ್ತಿ ಹೀಗೇ ಆಗಿದೆಯಂತೆ, ಗೆರೆಯ ಪಕ್ಕದ ತೆಂಗಿನಕಾಯಿ ಮಾರುವವನು ಹೇಳಿದ. ಪ್ರತಿ ಲಾರಿಯೂ ನನ್ನ ಹಾಡಿಗೆ ನಿಂತಿದೆ, ಅವನ ಹಾಡಿಗೆ ದಾಟಿದೆ.

ನಾಲ್ಕನೆಯ ತಂಡ ಬಂದಾಗ ನಾನೇ ರಸ್ತೆಗಿಳಿದೆ. "ನಡೀರಿ, ನಿಲ್ಲಬೇಡಿ, ನಾನೇ ಹೇಳ್ತಿದ್ದೀನಿ, ನಡೀರಿ" ಎಂದು ಕೂಗಿದೆ. ಲಾರಿ ಮೇಲಿದ್ದ ನನ್ನ ದನಿ ಕೆಳಗಿದ್ದ ನನ್ನ ದನಿಗಿಂತ ದೊಡ್ಡದು. "ಅಮ್ಮಾ, ನಿಂತ್ಕೊಳ್ಳಿ, ಲೇಡಿ ಸ್ಪ್ರಿಂಗ್ ನಿಲ್ಲಿ ಅಂತಿದ್ದಾಳೆ ಕೇಳಿಸ್ತಿಲ್ವಾ?" ಎಂದು ಹಸಿರು ಗರಿಯ ಹುಡುಗಿಯೊಬ್ಬಳು ನನಗೇ ಗದರಿದಳು. ಮುಖದಲ್ಲಿ ನಿನ್ನೆಯ ಎಣ್ಣೆ ಇನ್ನೂ ಇತ್ತು, ಗುರುತು ಸಿಗಲಿಲ್ಲ.

ಕೊನೆಗೆ ನಮ್ಮ ಗ್ವಾವ್ ತಂಡ. ಲಾರಿಯ ಮೇಲೆ ವಿಂಬರ್ಟ್, ಮುಂದಿನ ಸಾಲಿನಲ್ಲಿ ನೀಲಿ ಗರಿಯ ಹದಿನೆಂಟು ಮುದುಕಿಯರು, ಮೊದಲನೆಯವಳ ಕೋಲಿಗೂ ಗರಿ. ನಾನು ಅವರ ಎದುರು ಓಡಿ ಹೋಗಿ ಹಿಂದೆ ಹಿಂದೆ ನಡೆಯುತ್ತ, "ಬನ್ನಿ, ಬನ್ನಿ" ಎಂದು ಕೈಮಾಡಿದೆ. ಬಂದರು. ಗೆರೆ ಹತ್ತಿರವಾಯಿತು. ಲಾರಿಯ ಚಕ್ರಕ್ಕೂ ಗೆರೆಗೂ ಒಂದೇ ಒಂದು ಹೆಜ್ಜೆ ಜಾಗ. ಆಗ ಬಂತು.

"ಇದ್ದಲ್ಲೇ ನಿಲ್ಲಿ."

ಮುದುಕಿಯರು ನಿಂತರು. ಗರಿಗಳು ನಿಂತವು. ಎಂಟು ತಾಳ. ನಾನೂ ನಿಂತೆ. ಏನು ಮಾಡಲಿ, ಹಾಡು ಅಷ್ಟು ಚೆನ್ನಾಗಿದೆ.

ಆಗಸ್ಟ್ 14, ಬುಧವಾರ

ಕ್ಯಾಪ್ಟನ್ ಜೋಲ್ಟ್‌ಗೆ ನಲವತ್ತಮೂರು ಗೀಟು. ನನಗೆ ಎರಡು. ಒಂದು ಬ್ರೇಕ್ ಜಾರಿದ ಲಾರಿಯದು. ಇನ್ನೊಂದು ಹೇಗೆ ಬಂತೋ ಯಾರಿಗೂ ಗೊತ್ತಿಲ್ಲ.

ಅವನೇ ಫೋನ್ ಮಾಡಿದ. "ಮಿಸ್ ಓರ್ಲೀನ್, ಗೆದ್ದ ಕಪ್ ಮನೆಗೆ ಬಂದಿದೆ. ನಮ್ಮಜ್ಜಿ ಅದರ ಎದುರು ನಿಂತ್ಕೊಂಡು ನಿಮ್ಮ ಹಾಡಿಗೆ ಭುಜ ಕುಣಿಸ್ತಿದ್ದಾಳೆ. ಬೆಳಗ್ಗೆಯಿಂದ. ನಾನೇನ್ ಮಾಡ್ಲಿ ಹೇಳಿ."

ನಗು ಬಂತು. ಫೋನ್ ಇಟ್ಟ ಮೇಲೆ ಬರಲಿಲ್ಲ. ಆಣೆ ಆಣೆಯೇ. ಬೂಟನ್ನು ಮಂಚದ ಕೆಳಗೆ ಗೋಡೆಯವರೆಗೂ ತಳ್ಳಿದೆ, ಕೈಗೆ ಸಿಗದಷ್ಟು.

ಆಗಸ್ಟ್ 15, ಗುರುವಾರ

ಇಡೀ ದಿನ ಮಲಗಿದ್ದೆ.

ಆಗಸ್ಟ್ 16, ಶುಕ್ರವಾರ

ನಾಲ್ಕು ಗಂಟೆಗೆ ಸರಿಯಾಗಿ ಬಾಣಲೆಯ ಮುಂದೆ ಹಾಜರಾದೆ. ತಾಂಟಿ ಏಪ್ರನ್ ಕೊಟ್ಟಳು. ನನಗೆ ಒಂದು ಬಾಣಲೆ, ಅವಳಿಗೆ ಒಂದು. ಗಿರಾಕಿಗಳ ಸಾಲು ಎಂದಿಗಿಂತ ಉದ್ದ, ಬೀದಿ ತಿರುಗಿ ದೋಣಿಗಳವರೆಗೆ ಹೋಗಿತ್ತು. ಯಾರೂ ಹಾಡಿನ ಮಾತೆತ್ತಲಿಲ್ಲ. ಸಾವಿನ ಮನೆಗೆ ಬಂದವರ ಹಾಗೆ ಮೆತ್ತಗೆ, "ಎರಡು ಮೀನು, ಒಂದು ಬೇಕ್ ರೊಟ್ಟಿ" ಎಂದು ಕೇಳಿ ತಗೊಂಡು ಹೋಗುತ್ತಿದ್ದರು. ಆ ಮರ್ಯಾದೆ ನನಗೆ ಸಹಿಸಲಾಗಲಿಲ್ಲ.

ಐದೂವರೆಗೆ ವಿಂಬರ್ಟನ ಬಸ್ಸು ಬಂತು, ಕಿಟಕಿ ತೆರೆದಿತ್ತು. ಅವನು ಬೇಕೆಂದೇ ಹಾಕಿದನೋ, ತಾನಾಗಿ ಬಂತೋ ಗೊತ್ತಿಲ್ಲ.

"ಇದ್ದಲ್ಲೇ ನಿಲ್ಲಿ."

ಸಾಲು ನಿಂತಿತು, ಇಲ್ಲಿಂದ ದೋಣಿಗಳವರೆಗೆ. ತಟ್ಟೆ ಎತ್ತಿದವರು ಎತ್ತಿದ ಹಾಗೆ, ಬಾಯಿ ತೆರೆದವರು ತೆರೆದ ಹಾಗೆ. ನಾನು ಆಣೆ ಮಾಡಿದವಳು, ಕಣ್ಣು ಎಣ್ಣೆಯ ಮೇಲಿಟ್ಟೆ. ಮೀನು ತಿರುವಿ ಹಾಕಬೇಕಿತ್ತು. ಕೈ ಏಳಲಿಲ್ಲ. ಪಕ್ಕದಲ್ಲಿ ತಾಂಟಿಯ ಬಾಣಲೆಯ ಸದ್ದೂ ನಿಂತಿತ್ತು. ಕಣ್ಣಂಚಿನಲ್ಲಿ ನೋಡಿದೆ. ಜಾಲರಿ ಸೌಟು ಗಾಳಿಯಲ್ಲಿ, ಅದರಲ್ಲೊಂದು ಮೀನು. ತಾಂಟಿ ಅಲ್ಲಾಡುತ್ತಿರಲಿಲ್ಲ. ಎಂಟು ತಾಳ ಮುಗಿಯಿತು. ಅವಳ ಬಲ ಭುಜ ಮೇಲೆ ಹೋಯಿತು.

ಮುಖ ಗಂಟಿಕ್ಕಿಯೇ ಇತ್ತು. ತುಟಿ ಬಿಗಿದೇ ಇತ್ತು. ಭುಜ ಮಾತ್ರ, ಒಂದು ಬಲಕ್ಕೆ, ಒಂದು ಎಡಕ್ಕೆ, ತಾಳಕ್ಕೆ ಕೂದಲೆಳೆಯಷ್ಟೂ ತಪ್ಪದೆ. ಎಪ್ಪತ್ತೆರಡು ವರ್ಷದ ಹೆಂಗಸು ಇಷ್ಟು ಚೆನ್ನಾಗಿ ಎಲ್ಲಿ ಕಲಿತಳು? ನಾನು ನೋಡುತ್ತಲೇ ಉಳಿದೆ.

ಹಾಡು ಮುಗಿದಾಗ ಎರಡೂ ಬಾಣಲೆಯಿಂದ ಹೊಗೆ. ಹದಿನೆಂಟು ಮೀನು ಇದ್ದಿಲಾಗಿದ್ದವು.

ತಾಂಟಿ ಒಂದೊಂದಾಗಿ ಎತ್ತಿ ನೋಡಿದಳು. "ಮೂವತ್ತು ವರ್ಷದಲ್ಲಿ ನನ್ನ ಅಂಗಡೀಲಿ ಒಂದು ಮೀನು ಸೀದಿರಲಿಲ್ಲ" ಅಂದಳು. "ಏಪ್ರನ್ ಬಿಚ್ಚು."

"ಯಾಕೆ ತಾಂಟಿ?"

"ನಿನ್ನ ಕೆಲಸದಿಂದ ತೆಗೆದಿದ್ದೀನಿ."

"ಬೈಬಲ್ ಮುಟ್ಟಿ ಆಣೆ ಮಾಡಿದ್ದೀನಿ ನಾನು."

"ಬರ್ತೀನಿ ಅಂತ ಆಣೆ ಮಾಡ್ದೆ. ಬಂದೆ. ನಿನ್ನ ಆಣೆ ತೀರ್ತು." ತಾಂಟಿ ಏಪ್ರನ್‌ನ ಗಂಟನ್ನು ತಾನೇ ಬಿಚ್ಚಿದಳು. "ಇಟ್ಕೋತೀನಿ ಅಂತ ನಾನೇನಾದ್ರೂ ಆಣೆ ಮಾಡಿದ್ನಾ?"

ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು, "ಹಾಗಾದ್ರೆ ನಮ್ಮ ಮೀನು?" ಎಂದರು. ತಾಂಟಿ ಅವರಿಗೆ ಸೌಟು ತೋರಿಸಿದಳು.

ಮನೆಗೆ ಬಂದು ಪೊರಕೆಯ ಹಿಡಿಯಿಂದ ಬೂಟನ್ನು ಈಚೆಗೆ ಎಳೆದಿದ್ದೇನೆ. ಎಡಗಾಲಿನದು ಬಂತು, ಬಲಗಾಲಿನದು ಇನ್ನೂ ಗೋಡೆಗೆ ಸಿಕ್ಕಿಕೊಂಡಿದೆ. ಡಾಕ್ಟರನ್ನು ನೋಡುವ ದಿನ ಹತ್ತಿರ ಬಂತೆಂದು ಪುಟ ತಿರುವಿದರೆ, ಜೂನ್‌ನಿಂದ ಈಚೆಗೆ ನೋವಿನ ಅಂಕವೇ ಹಾಕಿಲ್ಲ. ಮರೆವು ನನಗೆ. ಎಲ್ಲ ದಿನಕ್ಕೂ ಐದು ಅಂತ ಹೇಳಿಬಿಡುತ್ತೇನೆ, ಅವರಿಗೇನು ಗೊತ್ತಾಗುತ್ತದೆ.

ವಿಂಬರ್ಟ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಹೋಗುವ ಮುಂಚೆ ಬರೆದಿಡಬೇಕು, ಇಲ್ಲದಿದ್ದರೆ ಮರೆಯುತ್ತೇನೆ. ಮುಂದಿನ ವರ್ಷಕ್ಕೆ: ಎಂಟು ತಾಳ ನಿಲ್ಲುವುದು, ಹದಿನಾರು ತಾಳ ಭುಜ, ಆಮೇಲೆ ಒಂದೇ ಒಂದು ಹೆಜ್ಜೆ ಮುಂದೆ. ಗೆರೆ ದಾಟಲು ಅಷ್ಟು ಸಾಕು.